ಹಸಿರು ಪುಡಿ ಮತ್ತು ಬಾಕಿ ಉಳಿದ ಉತ್ತರ

ಈ ಸಭೆಯ ಅಧ್ಯಕ್ಷರಾದ ಆಡಳಿತ ಮಂಡಳಿಯ ಹಿರಿಯರೇ, ಹರಪನಹಳ್ಳಿಯಿಂದ ಬಂದು ನನ್ನ ಬಗ್ಗೆ ನನಗೇ ಗೊತ್ತಿರದಷ್ಟು ಒಳ್ಳೆಯ ಮಾತುಗಳನ್ನಾಡಿದ ಮುಖ್ಯ ಅತಿಥಿಗಳೇ, ಪ್ರಾಂಶುಪಾಲರೇ, ಸಹೋದ್ಯೋಗಿ ಮಿತ್ರರೇ, ಕುರ್ಚಿಗಳಿದ್ದರೂ ಬಾಗಿಲ ಬಳಿಯೇ ನಿಂತಿರುವ ವಿದ್ಯಾರ್ಥಿಗಳೇ, ಮತ್ತು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಂದ ಈ ಬಿಸಿಲಿನಲ್ಲಿ ಬಂದು ಕುಳಿತಿರುವ ಸಭಿಕರೇ,

ನನಗೆ ಪಾಠ ಮಾಡಿ ಅಭ್ಯಾಸವಿದೆ, ಭಾಷಣ ಮಾಡಿ ಅಭ್ಯಾಸವಿಲ್ಲ. ಪಾಠದಲ್ಲಿ ಮೊದಲು ಸಂಗತಿಗಳು, ಆಮೇಲೆ ವಿವರಣೆ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಲು ಅಪ್ಪಣೆ ಬೇಡುತ್ತೇನೆ.

ಒಂದು. 1997ರಿಂದ ಈ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದೊಳಗೆ ಹಿಂಬದಿಯ ಕಟ್ಟೆಯ ಮೇಲೆ ಒಂದು ಹಸಿರು ಪುಡಿಯನ್ನು ತಯಾರಿಸುವ ಕೆಲಸ ನಡೆದುಬಂದಿದೆ. ಈ ಪುಡಿ ಬೇರೆ ವಸ್ತುಗಳ ನಡುವಿನ ಕ್ರಿಯೆಯನ್ನು ಬೇಗ ಮಾಡಿಸುತ್ತದೆ. ಕ್ರಿಯೆ ಮುಗಿದ ಮೇಲೆ ಅದನ್ನು ಸೋಸಿ ತೆಗೆದು ಮತ್ತೆ ಬಳಸಬಹುದು.

ಎರಡು. ಈ ಕೆಲಸ ಮಾಡಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಶ್ರೀಮತಿ ಶಿವಲೀಲಾ. ಈ ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದವರು, ಕಳೆದ ಜೂನ್ ತಿಂಗಳಲ್ಲಿ ವರ್ಗವಾಗಿ ಹಡಗಲಿಗೆ ಹೋದವರು. ಅವರು ಇಂದು ಮೂರನೆಯ ಸಾಲಿನಲ್ಲಿದ್ದಾರೆ. ಸಂಘಟಕರು ವೇದಿಕೆಗೆ ಕರೆದಾಗ, “ಒಂದು ಪ್ರಶ್ನಿ ಬಾಕಿ ಐತ್ರಿ. ಅದು ಮುಗಿಯೋತನ ನಾನು ಕೆಳಗ ಇರ್ತೀನಿ” ಎಂದರಂತೆ.

ಮೂರು. ಕಳೆದ ವರ್ಷ ನಮ್ಮಿಬ್ಬರ ಹೆಸರಿನ ಲೇಖನ ವಿದೇಶದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೈದರಾಬಾದಿನ ಒಂದು ಸಣ್ಣ ಕಾರ್ಖಾನೆ ಸಾಬೂನಿಗೆ ಬೆರೆಸುವ ಸುಗಂಧವನ್ನು ನಮ್ಮ ಪುಡಿಯಿಂದ ತಯಾರಿಸತೊಡಗಿದೆ. ಈ ಶಾಲು, ಈ ಹಾರ, ಈ ಹಣ್ಣಿನ ಬುಟ್ಟಿ ಅದಕ್ಕಾಗಿ.

ನಾಲ್ಕು. ನನಗೆ ಐವತ್ತೆರಡು ವರ್ಷ. ನನ್ನ ಪತ್ನಿ ಅಮೃತಾ 1994ರಲ್ಲಿ ತೀರಿಕೊಂಡಳು. ಮಗಳು ಅರ್ಚನಾ ಮುಂದಿನ ಸಾಲಿನಲ್ಲಿ ಕುಳಿತು, ನಾನು ವಿಷಯಕ್ಕೆ ಬರಲಿ ಎಂದು ಕಾಯುತ್ತಿದ್ದಾಳೆ. ತಾಯಿ ಹಂಪಮ್ಮನವರು ಮನೆಯಲ್ಲಿದ್ದಾರೆ. ನಮ್ಮ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲಿದೆ. ಸಂಘಟಕರು ಒಂದು ಮೈಕಿನ ಬಾಯಿಯನ್ನು ಆ ಬೀದಿಯ ಕಡೆಗೇ ತಿರುಗಿಸಿ ಕಟ್ಟಿದ್ದಾರೆ. ಆದ್ದರಿಂದ ಅವರೂ ಸಭೆಯಲ್ಲಿದ್ದಾರೆ ಎಂದೇ ತಿಳಿದು ಮಾತನಾಡಬೇಕಾಗಿದೆ.

ಐದು. ಶಿವಲೀಲಾ ಅವರು ಎಂಟು ತಿಂಗಳ ಹಿಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆ ಏನೆಂಬುದು ಈ ಊರಿಗೆ ನನಗಿಂತ ಮೊದಲೇ ಗೊತ್ತಿತ್ತು. ಆದರೂ ಹೊರಗಿನಿಂದ ಬಂದಿರುವ ಅತಿಥಿಗಳ ಅನುಕೂಲಕ್ಕಾಗಿ ಹೇಳುತ್ತೇನೆ. ನಾವಿಬ್ಬರೂ ಮದುವೆಯಾಗಬೇಕೇ, ಬೇಡವೇ ಎಂಬುದೇ ಆ ಪ್ರಶ್ನೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಸಭ್ಯರು ಇಂಥ ಮಾತನ್ನು ಸನ್ಮಾನ ಸಮಾರಂಭದಲ್ಲಿ ಆಡುತ್ತಾರೆಯೇ? ಆಡುವುದಿಲ್ಲ. ನಾನೂ ಆಡುತ್ತಿರಲಿಲ್ಲ. ಆದರೆ ಈ ಕಾರ್ಯಕ್ರಮದ ಸುದ್ದಿ ತಿಳಿಸಲು ನಾನು ಫೋನ್ ಮಾಡಿದಾಗ ಶಿವಲೀಲಾ ಅವರು ಹೇಳಿದ್ದು ಇಷ್ಟು: “ಸರ, ಊರು ನಮ್ಮ ಬಗ್ಗೆ ಮಾತಾಡಿದ್ದು ಬಯಲಾಗ. ನೀವು ಹೇಳಾದೂ ಬಯಲಾಗ ಹೇಳ್ರಿ. ಹೂಂ ಆದ್ರೂ ಸರಿ, ಊಹೂಂ ಆದ್ರೂ ಸರಿ. ಒಳಗೊಂದು ಹೊರಗೊಂದು ನನಗ ಬ್ಯಾಡ.” ಇದು ನ್ಯಾಯವಾದ ಬೇಡಿಕೆ ಎಂದು ನನಗೆ ಅನ್ನಿಸಿತು. ಆದ್ದರಿಂದ ಈ ಭಾಷಣ ಮುಗಿಯುವುದರೊಳಗೆ ಉತ್ತರ ಕೊಡುತ್ತೇನೆ. ಆದರೆ ಮೊದಲು, ಶಾಲಿನ ಋಣ ತೀರಬೇಕಾದರೆ, ಪುಡಿಯ ವಿಷಯ ಹೇಳಲೇಬೇಕು.

ಸಭಿಕರೇ, ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಗೋಡೆಯ ಸ್ವಿಚ್ಚನ್ನು ನೀವು ಧೈರ್ಯವಾಗಿ ಒತ್ತುವುದು ಅದೇ ನಂಬಿಕೆಯ ಮೇಲೆ. ಆದರೆ ಪ್ಲಾಸ್ಟಿಕ್ಕಿನ ಕುಲದಲ್ಲೇ ಹುಟ್ಟಿ ವಿದ್ಯುತ್ತನ್ನು ಹರಿಸುವ ಕೆಲವು ಪಾಲಿಮರ್‌ಗಳಿವೆ. ಅವುಗಳಲ್ಲಿ ಒಂದು ಪಾಲಿಅನಿಲೀನ್. ಅನಿಲೀನ್ ಎಂಬ ಎಣ್ಣೆಯಂಥ ದ್ರವವನ್ನು ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯ ನಡುವೆ ಇಟ್ಟು, ಅದಕ್ಕೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬಣ್ಣವಿಲ್ಲದ್ದು ಮೊದಲು ನೀಲಿಯಾಗುತ್ತದೆ, ಆಮೇಲೆ ಕಡು ಹಸಿರಾಗುತ್ತದೆ. ಸೋಸಿ ಒಣಗಿಸಿದರೆ ಪುಡಿ.

ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಈ ಪುಡಿಯಿಂದ ಬ್ಯಾಟರಿ ಮಾಡಬೇಕೆಂದು ಹೊರಟವು. ಅವರಿಗೊಂದು ತೊಂದರೆ ಎದುರಾಯಿತು. ಇದು ಸಾಮಾನ್ಯವಾಗಿ ಯಾವುದರಲ್ಲೂ ಕರಗುವುದಿಲ್ಲ, ಕಾಯಿಸಿದರೆ ಹರಿಯುವುದೂ ಇಲ್ಲ. ಬ್ಯಾಟರಿ ಮಾಡುವವನಿಗೆ ಇದು ದೋಷ. ನಮ್ಮಂಥವರಿಗೆ? ನಮ್ಮಂಥವರಿಗೆ ಇದೇ ಗುಣ. ಸುಗಂಧಕ್ಕೆ ಬೇಕಾದ ಎಸ್ಟರ್‌ಗಳನ್ನು ತಯಾರಿಸುವಾಗ ಸಾಮಾನ್ಯವಾಗಿ ಗಂಧಕಾಮ್ಲವನ್ನು ವೇಗವರ್ಧಕವಾಗಿ ಹಾಕುತ್ತಾರೆ. ಅದು ದ್ರವದೊಳಗೆ ಸೇರಿಹೋಗುತ್ತದೆ. ಕೊನೆಗೆ ಸೋಡಾ ಹಾಕಿ ಅದರ ಶಕ್ತಿ ಅಡಗಿಸಿ ಚರಂಡಿಗೆ ಚೆಲ್ಲಬೇಕು. ಅದೇ ಆಮ್ಲವನ್ನು ಈ ಪಾಲಿಮರ್‌ನ ಮೈಗೆ ಹಿಡಿಸಿಟ್ಟರೆ, ಕೆಲಸ ಮುಗಿದ ಮೇಲೆ ಕಾಗದದಲ್ಲಿ ಸೋಸಿ ಹಿಂದಕ್ಕೆ ಪಡೆಯಬಹುದು. ನಮ್ಮ ಕೆಲಸವೆಂದರೆ ಇಷ್ಟೇ. ಇಷ್ಟಕ್ಕೆ ಏಳು ವರ್ಷ ಯಾಕೆ ಬೇಕಾಯಿತು ಎಂದು ಅರ್ಚನಾ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

1994ರಿಂದ 1997ರವರೆಗೆ ನೀವೇನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಪಾಠ ಮಾಡಿದೆ ಎಂದು ಹೇಳಬಲ್ಲೆ. ಅದಕ್ಕಿಂತ ಹೆಚ್ಚು ಹೇಳಲಾರೆ. ಮನೆಗೆ ಹೋದರೆ ಮಗಳು ಓದುತ್ತಿರುತ್ತಿದ್ದಳು, ತಾಯಿ ಪೂಜೆಯಲ್ಲಿರುತ್ತಿದ್ದರು. ನಾನು ಪತ್ರಿಕೆಯನ್ನು ಎರಡು ಸಲ ಓದುತ್ತಿದ್ದೆ. ಪ್ರಯೋಗಾಲಯದ ಹಿಂದಿನ ಕಟ್ಟೆ ಖಾಲಿ ಬಿದ್ದಿತ್ತು. ಸಂಜೆ ಕಳೆಯಲು ಅಲ್ಲಿ ನಿಂತೆ. ಆರಂಭದಲ್ಲಿ ಉದ್ದೇಶ ಅಷ್ಟೇ ಇತ್ತು ಎಂಬುದನ್ನು ಪತ್ರಿಕೆಯ ಲೇಖನದಲ್ಲಿ ಬರೆಯಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮರುವರ್ಷ ಶಿವಲೀಲಾ ಅವರು ಬಂದರು. ಅವರ ಪತಿ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. “ಸರ, ಸಂಜಿಕಿ ನನಗೂ ಇಲ್ಲಿ ಜಾಗ ಐತೇನ್ರಿ?” ಎಂದು ಕೇಳಿದರು. ಇದೆ ಎಂದೆ. ಅವತ್ತು ಅಷ್ಟೇ ಮಾತು.

ಇಲ್ಲಿ ನಾನು ಯರ್ರಿಸ್ವಾಮಿಯವರಿಗೆ ಕೃತಜ್ಞತೆ ಹೇಳಬೇಕು. ಬಸ್ ನಿಲ್ದಾಣದ ಬಳಿ ಅವರ ಐಸ್ ಕ್ಯಾಂಡಿ ಕಾರ್ಖಾನೆ ಇದೆ. ಪಾಲಿಅನಿಲೀನ್ ತಣ್ಣಗಿದ್ದಾಗಲೇ ಹುಟ್ಟಬೇಕು. ಕೊಟ್ಟೂರಿನ ಏಪ್ರಿಲ್ ತಿಂಗಳಿನಲ್ಲಿ ತಣ್ಣಗಿರುವುದು ಅವರ ಕಾರ್ಖಾನೆ ಮಾತ್ರ. ಮುರಿದ ಐಸನ್ನು ಗೋಣಿಚೀಲದಲ್ಲಿ ಸುತ್ತಿ ಕೊಡುತ್ತಿದ್ದರು. ಒಮ್ಮೆ ನಮ್ಮಿಬ್ಬರ ಕೈಗಳನ್ನೂ ನೋಡಿದರು. ಈ ಪುಡಿಯ ಬಣ್ಣ ಬೆರಳಿಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಯರ್ರಿಸ್ವಾಮಿ ಅಂದರು: “ಸರ, ನಿಮ್ಮ ಬಳ್ಳೂ ಹಸುರು, ಮೇಡಂ ಬಳ್ಳೂ ಹಸುರು. ಬ್ಯಾರೆ ಬ್ಯಾರೆ ಹೊತ್ತಿಗೆ ಬಂದು ಐಸ್ ಒಯ್ಯಿರಿ. ನನಗೇನಿಲ್ಲ, ಇಲ್ಲಿ ಬಸ್ಸಿಗೆ ಕಾಯೋರು ಭಾಳ ಮಂದಿ ಅದಾರ.”

ಶಿವಲೀಲಾ ಅವರು, “ಬಸ್ಸಿಗೆ ಕಾಯೋರಿಗೆ ನೋಡಾಕ ಏನಾರ ಬೇಕಲ್ರಿ, ನೋಡ್ಲಿ ಬಿಡ್ರಿ” ಎಂದರು. ನಾನು ಮಾತ್ರ ಮರುದಿನದಿಂದ ಐಸ್ ತರಲು ಒಬ್ಬನೇ ಹೋಗತೊಡಗಿದೆ. ಅವರು ಅದನ್ನು ಗಮನಿಸಿದರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಇನ್ನು ಕೆಲಸದ ಮುಖ್ಯ ಭಾಗಕ್ಕೆ ಬರುತ್ತೇನೆ. ನಾವು ಮೊದಲು ಮಾಡಿದ ಎಸ್ಟರ್‌ಗೆ ಬಾಳೆಹಣ್ಣಿನ ವಾಸನೆ. ಇಡೀ ಕಾರಿಡಾರ್ ಕಳಿತ ಹಣ್ಣಿನ ಅಂಗಡಿಯಂತಾಗಿ, ಗಣಿತದ ಅಧ್ಯಾಪಕರು ಹಸಿವಾಗುತ್ತದೆಂದು ದೂರು ಕೊಟ್ಟಿದ್ದರು. ಪುಡಿ ಕೆಲಸ ಮಾಡುತ್ತಿತ್ತು. ಆದರೆ ಒಂದು ವಿಚಿತ್ರವಿತ್ತು. ಒಂದೇ ಸೀಸೆಯಿಂದ ತೆಗೆದ ಒಂದೇ ಪುಡಿ ಶಿವಲೀಲಾ ಅವರ ಫ್ಲಾಸ್ಕಿನಲ್ಲಿ ಐದನೆಯ ಸಲವೂ ಕೆಲಸ ಮಾಡುತ್ತಿತ್ತು, ನನ್ನ ಫ್ಲಾಸ್ಕಿನಲ್ಲಿ ಎರಡನೆಯ ಸಲಕ್ಕೇ ನಿಲ್ಲುತ್ತಿತ್ತು. ಇಬ್ಬರಲ್ಲಿ ಹೆಚ್ಚು ಶಿಸ್ತಿನವನು ನಾನೇ ಎಂದು ನನ್ನ ಅಭಿಪ್ರಾಯವಾಗಿತ್ತು. ತಕ್ಕಡಿ ಬದಲಾಯಿಸಿದೆವು, ಥರ್ಮಾಮೀಟರ್ ಬದಲಾಯಿಸಿದೆವು, ಕೊನೆಗೆ ಕಟ್ಟೆಯನ್ನೂ ಬದಲಾಯಿಸಿದೆವು. ಒಂದು ಇಡೀ ಬೇಸಗೆ ಹೀಗೆಯೇ ಹೋಯಿತು.

ಕಾರಣ ಪ್ರಯೋಗಾಲಯದಲ್ಲಿರಲಿಲ್ಲ, ನಮ್ಮ ಮನೆಯ ಬಚ್ಚಲಿನಲ್ಲಿತ್ತು. ನಮ್ಮದು ಅಯ್ಯನವರ, ಅಂದರೆ ಜಂಗಮರ ಮನೆತನ. ಒಮ್ಮೆ ಬಳಸಿದ ಪಾತ್ರೆ ನಮ್ಮ ತಾಯಿಯವರಿಗೆ ಮುಸುರೆ. ತೊಳೆದ ನೀರು ತಿಳಿಯಾಗಿ ಬರುವವರೆಗೆ ಅದು ಒಲೆಯ ಹತ್ತಿರ ಸುಳಿಯುವಂತಿಲ್ಲ. ಆ ಕೈಗಳಲ್ಲಿ ಬೆಳೆದವನು ನಾನು. ಬಳಸಿದ ಪುಡಿಯನ್ನು ಸೋಸಿದ ಮೇಲೆ, ಯಾವ ಪುಸ್ತಕವೂ ಹೇಳದಿದ್ದರೂ, ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದೆ, ಮತ್ತೆ ತೊಳೆಯುತ್ತಿದ್ದೆ. ತೊಳೆಯುತ್ತಿದ್ದೇನೆ ಎಂಬುದೂ ನನ್ನ ಅರಿವಿನಲ್ಲಿರಲಿಲ್ಲ. ನಮ್ಮ ಬೋರ್‌ವೆಲ್ ನೀರು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಕೊಡದ ಒಳಗೆ ಬಿಳಿಯ ಪದರು ಕಟ್ಟುವ ಕ್ಷಾರದ ನೀರು. ಅದು ಪುಡಿಯ ಮೈಯೊಳಗಿನ ಆಮ್ಲವನ್ನೆಲ್ಲ ಎಳೆದುಕೊಂಡು ಹೋಗುತ್ತಿತ್ತು. ಶಿವಲೀಲಾ ಅವರು ಸ್ವಲ್ಪ ಅಸಿಟೋನ್ ಚಿಮುಕಿಸಿ, ಒಣಗಿಸಿ, ಹಾಗೇ ಮತ್ತೆ ಹಾಕುತ್ತಿದ್ದರು.

ಒಂದು ಸಂಜೆ ಅವರು ಎರಡೂ ಪುಡಿಗಳನ್ನು ಬಿಳಿ ಟೈಲಿನ ಮೇಲೆ ಹರವಿ ಕಿಟಕಿಯ ಬಳಿ ಇಟ್ಟರು. “ನೋಡ್ರಿ ಸರ. ನನ್ನದು ಹಸುರು. ನಿಮ್ಮದು ನೀಲಿ. ನೀವು ತೊಳದು ತೊಳದು ಅದರ ಜೀವಾ ತಗದೀರಿ.”

“ಮುಸುರಿನ ಹಂಗೇ ಬಳಸಾಕ ಹೆಂಗ ಬರ್ತೈತಿ?” ಎಂದೆ. ಸಿಟ್ಟು ಬಂದಾಗ ನನಗೂ ಮನೆಯ ಭಾಷೆಯೇ ಬರುತ್ತದೆ.

“ಇದು ಮುಸುರಿ ಅಲ್ರಿ ಸರ, ಹೆಪ್ಪು. ಹೆಪ್ಪು ಉಳಿದ ಗಡಿಗಿನ ಯಾರರ ತಿಕ್ಕಿ ತೊಳಿತಾರೇನು? ತೊಳದ್ರ ನಾಳಿನ ಮಸರಿಗೆ ಏನ್ ಹಾಕ್ತೀರಿ?”

ಸಭಿಕರೇ, ವೇಗವರ್ಧಕ ಎಂಬ ಪದವನ್ನು ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಅಂದಿನಿಂದ ಮೊದಲನೆಯ ವರ್ಷದ ತರಗತಿಯಲ್ಲಿ ಹೆಪ್ಪಿನ ಉದಾಹರಣೆಯನ್ನೇ ಕೊಡುತ್ತೇನೆ. ಅದು ಪೂರ್ತಿ ಸರಿಯಲ್ಲ. ಹೆಪ್ಪು ಬೆಳೆಯುತ್ತದೆ, ವೇಗವರ್ಧಕ ಬೆಳೆಯುವುದಿಲ್ಲ. ಆದರೂ ಯಾರಿಗೂ ಮರೆಯುವುದಿಲ್ಲ.

ನನ್ನ ನೀಲಿ ಪುಡಿಯನ್ನು ಚೆಲ್ಲಿಬಿಡೋಣ ಎಂದೆ. “ತಡೀರಿ” ಎಂದು ಅವರು ಅದರ ಮೇಲೆ ತೆಳುವಾದ ಆಮ್ಲ ಹಾಕಿದರು. ನಾವು ನೋಡುತ್ತಿದ್ದಂತೆ ಹಸಿರಾಯಿತು. ಮರುದಿನ ಫ್ಲಾಸ್ಕಿಗೆ ಹಾಕಿದರೆ ಮೊದಲಿನಂತೆಯೇ ಕೆಲಸ ಮಾಡಿತು. ಶಕ್ತಿ ಕಳೆದುಕೊಂಡ ಪುಡಿಯನ್ನು ಮತ್ತೆ ಸಿದ್ಧಗೊಳಿಸುವ ಕ್ರಮವೇ ನಮ್ಮ ಲೇಖನದ ಮುಖ್ಯ ಫಲಿತಾಂಶ. ಹೈದರಾಬಾದಿನವರಿಗೆ ಬೇಕಾದದ್ದೂ ಅದೇ.

2000ದಲ್ಲಿ ವಿದ್ಯುತ್ ಹರಿಸುವ ಪಾಲಿಮರ್‌ಗಳನ್ನು ಕಂಡುಹಿಡಿದ ಮಹನೀಯರಿಗೆ ನೊಬೆಲ್ ಬಹುಮಾನ ಬಂತು. ಆಗಿನ ಪ್ರಾಂಶುಪಾಲರು ಪತ್ರಿಕೆ ಹಿಡಿದು ಓಡಿಬಂದು, “ನಿಮ್ಮ ಪುಡಿಗೆ ನೊಬೆಲ್ ಬಂತಂತಲ್ರಿ, ನಮ್ಮ ಕಾಲೇಜಿನ ಹೆಸರು ಹಾಕ್ಯಾರೇನು?” ಎಂದು ಕೇಳಿದರು. ಆ ಕಾಳಜಿಯಿಂದಲೇ ಮರುವರ್ಷ ನಮಗೆ ಪುಡಿ ಒಣಗಿಸುವ ಹೊಸ ಒಲೆ ಮತ್ತು ಸೋಸುವ ಪಂಪ್ ಸಿಕ್ಕವು. ಅವರಿಗೂ ನಾನು ಋಣಿ.

ಈಗ ಕಳೆದ ಜೂನ್ ತಿಂಗಳಿಗೆ ಬರುತ್ತೇನೆ. ವರ್ಗಾವಣೆಯ ಆದೇಶ ಬಂತು. ಸಾಮಾನು ಮೊದಲೇ ಹೋಗಿತ್ತು. ಹಡಗಲಿ ಬಸ್ಸಿಗೆ ಅವರನ್ನು ಹತ್ತಿಸಲು ಹೋಗಿದ್ದೆ. ಪುಡಿಯ ಸೀಸೆಗಳಲ್ಲಿ ಯಾವುದು ಎಲ್ಲಿದೆ ಎಂದು ನಾನು ಕೇಳುತ್ತಿದ್ದೆ. ಅವರು ಹೇಳುತ್ತಾ ಹೇಳುತ್ತಾ ನಿಲ್ಲಿಸಿ, “ಸರ, ಸೀಸೆ ಸಾಕು. ನಾವಿಬ್ರು ಮದಿವಿ ಆಗೋಣೇನು? ನೀವು ಕೇಳ್ತೀರಂತ ನಾಕು ವರ್ಷ ನೋಡಿದೆ. ನೀವು ಕೇಳಂಗಿಲ್ಲ. ಅದಕ್ಕ ನಾನ ಕೇಳಿದೆ” ಎಂದರು. ಕಂಡಕ್ಟರ್ ಸೀಟಿ ಊದಿದ. ನಾನು, ವಿಚಾರ ಮಾಡಿ ಹೇಳುತ್ತೇನೆ ಎಂದೆ. ಸೀಸೆಯ ಬಗ್ಗೆ ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ವಿಚಾರ ಮಾಡಲು ಏನಿತ್ತು? ನನ್ನ ಮನಸ್ಸಿನ ಬಗ್ಗೆ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಮನೆಯ ಬಗ್ಗೆ. ನಮ್ಮ ತಾಯಿಯವರು ಕೇಳಿಸಿಕೊಳ್ಳುತ್ತಿದ್ದಾರೆ, ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಶಿವಲೀಲಾ ಅವರ ತವರಿನವರು ಇಟ್ಟಿಗಿ ಊರಿನಲ್ಲಿ ಹೊಲ ಮಾಡಿಕೊಂಡು ಕುರಿ ಸಾಕುವವರು. ನಾನು ಕೇಳಿದಾಗ ತಾಯಿಯವರು ಬೇಡ ಎಂದರು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. “ಬ್ಯಾಡಪ್ಪ. ನನಗ ಆಗಂಗಿಲ್ಲ” ಎಂದು ಹೇಳಿ ಬತ್ತಿ ಹೊಸೆಯುತ್ತಾ ಕುಳಿತರು. ನನ್ನ ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಕೈಗಳವು. ನಾನು ಎದ್ದುಬಂದೆ.

ಡಿಸೆಂಬರ್‌ನಲ್ಲಿ, ಆಗುವುದಿಲ್ಲ ಎಂದು ಹೇಳಿಬರಲು ಇಟ್ಟಿಗಿಗೆ ಹೋದೆ. ಭಾನುವಾರ, ಅವರು ಅಣ್ಣನ ಮನೆಗೆ ಬಂದಿದ್ದರು. ಅಣ್ಣ ಮೈಲಪ್ಪನವರು ನನ್ನನ್ನು ಕೂರಿಸಿ ಮೊದಲು ಊಟ ಹಾಕಿಸಿದರು. ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ. ಉಂಡಾದ ಮೇಲೆ ನಾನು ತಟ್ಟೆ ಹಿಡಿದುಕೊಂಡು ಬಚ್ಚಲು ಎಲ್ಲಿದೆ ಎಂದು ನೋಡಿದೆ. “ತಟ್ಟಿ ಅಲ್ಲೇ ಬಿಡ್ರಿ ಸರ. ತೊಳಿಯಾದು ನಿಮಗ ಒಂದು ರೋಗ ಐತೆಂತ ತಂಗಿ ಹೇಳ್ಯಾಳ” ಎಂದರು. ಒಳಗಿನಿಂದ ಹೆಂಗಸರು ನಕ್ಕದ್ದು ಕೇಳಿಸಿತು. ಆಮೇಲೆ ಮೈಲಪ್ಪನವರು ನಗದೆ ಹೇಳಿದರು: “ಸರ, ನಾನು ಓದಿದಾವಲ್ಲ, ಸುತ್ತುಬಳಸಿ ಮಾತಾಡಾಕ ಬರಂಗಿಲ್ಲ. ನನ್ನ ತಂಗಿ ನಿಮ್ಮ ಮನಿ ಪಡಸಾಲಿಗೆ ಬರಾಕಿ, ಒಳಗ ಬರಾಕಿ ಅಲ್ಲ ಅನ್ನಂಗಿದ್ರ ಈಗ್ಲೇ ಹೇಳಿಬಿಡ್ರಿ. ಉಂಡೀರಿ, ನೆಳ್ಳಾಗ ಕುಂತೀರಿ, ಸಿಟ್ಟಿಲ್ಲದಂಗ ಕಳಸ್ತೀನಿ.”

ನಾನು ಹೇಳಬೇಕೆಂದು ಹೋಗಿದ್ದ ಮಾತಿಗೆ ಅವರೇ ದಾರಿ ಮಾಡಿಕೊಟ್ಟಿದ್ದರು. ಆದರೂ ಅದನ್ನು ಹೇಳದೆ ಎದ್ದೆ. ಬಸ್ಸಿನವರೆಗೆ ಶಿವಲೀಲಾ ಅವರು ಬಂದರು. “ನೀವು ಊಹೂಂ ಅನ್ನಾಕ ಬಂದೀರಿ, ಗೊತ್ತಾತು ಸರ. ಆ ಊಹೂಂ ನಿಮ್ಮದೋ, ಅವ್ವಾರದೋ? ಅಷ್ಟು ವಿಚಾರ ಮಾಡಿ ಹೇಳ್ರಿ. ಅವ್ವಾರದಾದ್ರ ಅದನ್ನ ಅವ್ವಾರ ಹೇಳ್ಲಿ. ನೀವು ಹೊತ್ಕೊಂಡು ತರಬ್ಯಾಡ್ರಿ.”

ಅದು ನನ್ನದಲ್ಲ ಎಂದು ಬಸ್ಸು ಕೊಟ್ಟೂರು ಮುಟ್ಟುವುದರೊಳಗೆ ಖಚಿತವಾಗಿತ್ತು. ಆದರೂ ಎರಡು ತಿಂಗಳು ಸುಮ್ಮನಿದ್ದೆ. ಅವಸರ ನನ್ನ ಸ್ವಭಾವವಲ್ಲ. ಅದರ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆ ಎಂಬುದನ್ನು ನಾನು ಆಗಲೇ ಹೇಳಿದ ಫೋನು ನೆನಪಿಸಿತು.

ಕಳೆದ ಸೋಮವಾರ ಪೂಜೆ ಮುಗಿದ ಮೇಲೆ ತಾಯಿಯವರ ಮುಂದೆ ಕುಳಿತೆ. “ಅವ್ವಾ, ನಾನು ಈ ಮದಿವಿ ಆಗಬೇಕಂತ ಮಾಡೀನಿ” ಎಂದೆ. ಐವತ್ತೆರಡು ವರ್ಷಗಳಲ್ಲಿ ಅವರನ್ನು ಕೇಳದೆ, ಅವರಿಗೆ ಹೇಳಿದ ಮೊದಲ ಮಾತು ಅದು. ಅವರು ಪೂಜೆಯ ಬಟ್ಟಲನ್ನು ಒರೆಸಿಟ್ಟರು. ಆಮೇಲೆ ಕೇಳಿದರು: “ಎಲ್ಲಿ ಇರ್ತೀರಿ?”

“ಹಡಗಲಿಯಾಗ. ನಾನು ದಿನಾ ಬಸ್ಸಿಗೆ ಬರ್ತೀನಿ.”

“ನನ್ನ ಏನ್ ಮಾಡ್ತಿ?”

“ಕರಕೊಂಡು ಹೋಗ್ತೀನಿ.”

“ಆಕಿ ಕೈಲೆ ನಾನು ಉಣ್ಣಂಗಿಲ್ಲ. ಇವತ್ತೂ ಇಲ್ಲ, ನಾಳಿನೂ ಇಲ್ಲ. ಆಕಿಗೆ ಈಗ್ಲೇ ಹೇಳಿಬಿಡು, ಆಮ್ಯಾಲೆ ಬ್ಯಾಸರ ಆಗಬಾರದು.” ಮತ್ತೆ ಅವರೇ ಅಂದರು: “ಮನಿ ಹಿಡಿಯಾದಾದ್ರ ಎರಡು ಅಡಿಗಿಮನಿ ಇರೋ ಮನಿ ನೋಡು. ಸಣ್ಣದಾದ್ರೂ ಚಿಂತಿಲ್ಲ. ನಡುವ ಬಾಗಲ ಇರ್ಲಿ.”

ಬಾಗಿಲು ಯಾಕೆಂದು ನಾನು ಕೇಳಲಿಲ್ಲ. ಪಕ್ಕದಲ್ಲಿದ್ದ ಅರ್ಚನಾ, “ಅಜ್ಜಿ, ಎರಡೂ ಕಡಿ ಉಣ್ಣಾಕಿ ನಾನೊಬ್ಬಾಕಿನ” ಎಂದಳು. “ನಿನಗೇನವಾ, ಹೊಟ್ಟಿಬಾಕಿ” ಎಂದು ನಮ್ಮ ತಾಯಿಯವರು ಎದ್ದು ಒಳಗೆ ಹೋದರು. ಈ ಮಾತುಗಳನ್ನೆಲ್ಲ ಅಂದು ಸಂಜೆಯೇ ಶಿವಲೀಲಾ ಅವರಿಗೆ ಫೋನಿನಲ್ಲಿ ಒಂದಕ್ಷರ ಬಿಡದೆ ಹೇಳಿದೆ. “ಅವ್ವಾರು ಅವರ ಮಾತು ಅವರ ಹೇಳಿದ್ರು, ಅದು ಚಲೋ ಆತು. ನೀವಿನ್ನೂ ನಿಮ್ಮದು ಹೇಳಿಲ್ಲ” ಎಂದರು.

ಸಭಿಕರೇ, ನನ್ನ ವೇಳೆ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈ ಕಾಲೇಜಿಗೆ, ಆಡಳಿತ ಮಂಡಳಿಗೆ, ಐಸ್ ಕೊಟ್ಟ ಯರ್ರಿಸ್ವಾಮಿಯವರಿಗೆ, ವಾಸನೆ ಸಹಿಸಿದ ಸಹೋದ್ಯೋಗಿಗಳಿಗೆ, ಊಟ ಹಾಕಿ ನೇರವಾಗಿ ಮಾತನಾಡಿದ ಮೈಲಪ್ಪನವರಿಗೆ, ತಂದೆಗಿಂತ ಬೇಗ ವಿಷಯ ತಿಳಿಯುವ ಮಗಳಿಗೆ, ಈಗಿಲ್ಲದ ಅಮೃತಾಳಿಗೆ, ತನ್ನಿಂದಾಗದ್ದನ್ನು ಆಗದು ಎಂದೇ ಹೇಳಿ, ಆಗುವಷ್ಟನ್ನು ಕೊಟ್ಟ ನನ್ನ ತಾಯಿಗೆ, ಮತ್ತು ನಮ್ಮ ಬಗ್ಗೆ ಇಷ್ಟು ವರ್ಷ ಮಾತನಾಡಿದರೂ ಇಂದು ಸುಮ್ಮನೆ ಕುಳಿತು ಕೇಳಿದ ನಿಮಗೆ, ನಾನು ಕೃತಜ್ಞ. ಎಲ್ಲರಿಗೂ ತಲೆಬಾಗಿ ನಮಸ್ಕಾರ ಹೇಳಿ, ಕೊಡಬೇಕಾದ ಉತ್ತರವನ್ನು ಕೊಟ್ಟು ಕುಳಿತುಕೊಳ್ಳುತ್ತೇನೆ.

ಶಿವಲೀಲಾ ಅವರೇ, ಹೂಂ. ಹಡಗಲಿಯಲ್ಲಿ ಎರಡು ಅಡುಗೆಮನೆಗಳಿರುವ, ನಡುವೆ ಬಾಗಿಲಿರುವ ಒಂದು ಮನೆಯನ್ನು ನಿನ್ನೆ ನೋಡಿಬಂದೆ. ಅದನ್ನು ಹಿಡಿಯಲು ತೀರ್ಮಾನಿಸಿದ್ದೇನೆ.